ಒಂದು ಮಣಿಗೆ ಆರು ಕೋಟಿ, ಒಂದು ಬಿಲ್ಲೆಗೆ ಹದಿನೈದು ಊರು

2014ರ ಏಪ್ರಿಲ್. ಹಾಂಗ್‌ಕಾಂಗ್‌ನಲ್ಲಿ ಸೋದೆಬೀಸ್ ಸಂಸ್ಥೆಯ ಹರಾಜು. 27 ಹಸಿರು ಮಣಿಗಳ ಒಂದು ಸರ 2 ಕೋಟಿ 74 ಲಕ್ಷ ಡಾಲರ್‌ಗೆ ಹೋಯಿತು. ಅಂದಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 165 ಕೋಟಿ ರೂಪಾಯಿ. ಇಪ್ಪತ್ತೇಳರಿಂದ ಭಾಗಿಸಿ ನೋಡಿ: ಮಣಿಯೊಂದಕ್ಕೆ ಆರು ಕೋಟಿ! ಅವುಗಳಲ್ಲಿ ಅತಿ ದೊಡ್ಡ ಮಣಿಯ ಅಡ್ಡಳತೆ 19.2 ಮಿಲಿಮೀಟರ್, ಅತಿ ಚಿಕ್ಕದರದು 15.4. ನಡುಗಾತ್ರದ ಒಂದು ಮಣಿ ಎಂಟೊಂಬತ್ತು ಗ್ರಾಂ ತೂಗೀತು. ಅಲ್ಲಿಗೆ ಗ್ರಾಮಿನ ಬೆಲೆ 70 ಲಕ್ಷದ ಆಸುಪಾಸು. ಆ ತಿಂಗಳು ಚಿನ್ನ ಗ್ರಾಮಿಗೆ ಮೂರು ಸಾವಿರದ ಹತ್ತಿರ ಇತ್ತು. ಚಿನ್ನದ ಎರಡು ಸಾವಿರ ಪಟ್ಟಿಗೂ ಮೀರಿದ ಬೆಲೆ, ಅದೂ ಒಂದು ಕಲ್ಲಿಗೆ!

ಆ ಕಲ್ಲು ಜೇಡ್. ನಮ್ಮ ಬೆಂಗಳೂರಿನ ಶಿವಾಜಿನಗರದ ಕಡೆ, ಕಮರ್ಷಿಯಲ್ ಸ್ಟ್ರೀಟ್‌ನ ಫ್ಯಾನ್ಸಿ ಅಂಗಡಿಗಳಲ್ಲಿ ತೂಗುಹಾಕಿರುವ ಹಸಿರು ಕಲ್ಲಿನ ಸರಗಳನ್ನು ನೋಡಿದವರಿಗೆ ಇದನ್ನು ನಂಬುವುದು ಕಷ್ಟ. ನಂಬಬೇಕಾಗಿಯೂ ಇಲ್ಲ, ಏಕೆಂದರೆ 'ಇಂಡಿಯನ್ ಜೇಡ್' ಹೆಸರಿನಲ್ಲಿ ಲೋಕವೆಲ್ಲ ಸುತ್ತುವ ಹಸಿರು ಕಲ್ಲು ಜೇಡ್ ಅಲ್ಲವೇ ಅಲ್ಲ. ಅದು ಅವೆಂಚುರಿನ್, ಒಂದು ಜಾತಿಯ ಸ್ಫಟಿಕಶಿಲೆ. ಅದರ ಹೆಸರಾಂತ ನೆಲೆಗಳಲ್ಲಿ ಒಂದು ನಮ್ಮದೇ ಮೈಸೂರಿನ ಸುತ್ತಮುತ್ತ. ಎರಡನ್ನೂ ಬೇರೆ ಮಾಡುವುದು ಒಂದು ಸಂಖ್ಯೆ. ಒಂದು ಲೋಟ ನೀರಿನ ತೂಕ ಒಂದು ಎಂದಿಟ್ಟುಕೊಂಡರೆ ಅಷ್ಟೇ ಗಾತ್ರದ ಅವೆಂಚುರಿನ್ ಎರಡೂಮುಕ್ಕಾಲಕ್ಕಿಂತ ಕಡಿಮೆ, ಬರ್ಮಾದ ಜೇಡೈಟ್ ಎಂಬ ಜೇಡ್ ಮೂರೂಕಾಲಕ್ಕಿಂತ ಹೆಚ್ಚು. ಅಂಗೈಯಲ್ಲಿಟ್ಟು ತೂಗಿ ನೋಡುವ ಹಳೆಯ ಸಂಗ್ರಾಹಕನ ಕೈ ಈ ಅರ್ಧದ ಅಂತರವನ್ನು ಹಿಡಿಯುತ್ತದೆ.

ಬೆಲೆಯ ಸಂಖ್ಯೆ ಕಣ್ಣು ಕುಕ್ಕುತ್ತದೆ, ನಿಜ. ಆದರೆ ಜೇಡ್‌ನ ಲೆಕ್ಕದಲ್ಲಿ ಅದು ತೀರಾ ಸಣ್ಣದು. ಈ ಕಲ್ಲನ್ನು ಅಳೆಯಬೇಕಾದದ್ದು ದಿನಗಳಲ್ಲಿ. ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರ ಅಳತೆಪಟ್ಟಿ ಇದೆ. ಅದರಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜಕ್ಕೆ 1, ಚಾಕುವಿನ ಉಕ್ಕಿಗೆ ಐದೂವರೆಯ ಹತ್ತಿರ, ಜೇಡ್‌ಗೆ 6ರಿಂದ 7. ಅಂದರೆ ಚಾಕು ತಾಗಿಸಿದರೆ ಗೀರು ಬೀಳುವುದು ಕಲ್ಲಿಗಲ್ಲ. ಹಾಗಾಗಿ ಚೀನಾದಲ್ಲಿ ಜೇಡನ್ನು ಯಾರೂ ಕೆತ್ತಲಿಲ್ಲ, ಉಜ್ಜಿದರು. ಮರಳು, ನೀರು, ದಾರ, ಬಿದಿರು. ಬೆಳಗಿನಿಂದ ಸಂಜೆಯವರೆಗೆ ಉಜ್ಜು, ಮರುದಿನ ಮತ್ತೆ ಉಜ್ಜು. ಬೇಲೂರು, ಹಳೇಬೀಡಿನ ಶಿಲ್ಪಿ ಬಳಪದ ಕಲ್ಲಿನ ಮೆದುತನವನ್ನು ಬಳಸಿಕೊಂಡು ಕೂದಲೆಳೆಯಷ್ಟು ಸೂಕ್ಷ್ಮ ತೋರಿಸಿದ. ಆ ಮೆದುತನ ಇಲ್ಲದ ಕಲ್ಲಿನಲ್ಲಿ ಅದೇ ಸೂಕ್ಷ್ಮ ಬೇಕೆಂದರೆ ಎಷ್ಟು ದಿನ?

ಮೊದಲು ವಯಸ್ಸಿನಿಂದ ಶುರುಮಾಡೋಣ. ಇಂದಿನ ಒಳ ಮಂಗೋಲಿಯದ ಶಿಂಗ್ಲೊಂಗ್‌ವಾ ಸಂಸ್ಕೃತಿಯ ನೆಲೆಗಳಲ್ಲಿ ಜೇಡ್‌ನ ಕಿವಿಯುಂಗುರಗಳು ಸಿಕ್ಕಿವೆ. ವಯಸ್ಸು ಸುಮಾರು 8,000 ವರ್ಷ. ಹಲ್ಮಿಡಿ ಶಾಸನದ ಕಾಲದಿಂದ ಇವತ್ತಿನವರೆಗೆ ಕನ್ನಡ ಬರಹದ ಆಯುಷ್ಯ ಎಷ್ಟೋ, ಅಂಥ ಐದು ಆಯುಷ್ಯಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಆ ಕಿವಿಯುಂಗುರದ ಹತ್ತಿರ ಹೋಗುತ್ತೇವೆ. ತಲೆಮಾರಿಗೆ 25 ವರ್ಷ ಎಂದರೆ 320 ತಲೆಮಾರು! ಮುತ್ತಾತನ ಹೆಸರು ಕೇಳಿದರೆ ತಡವರಿಸುವ ನಮಗೆ 320ನೆಯ ಅಜ್ಜಿಯ ಕಿವಿಯ ಓಲೆ ಇವತ್ತಿಗೂ ಹೊಳೆಯುತ್ತಿದೆ ಎಂಬುದು ಸಾಮಾನ್ಯ ಸಂಗತಿಯೇ?

ಮುಂದೆ ಬನ್ನಿ, ಐದು ಸಾವಿರ ವರ್ಷದಷ್ಟು ಹಿಂದಿನ ಲಿಯಾಂಗ್‌ಜು ಸಂಸ್ಕೃತಿಗೆ. ಇಂದಿನ ಹಾಂಗ್‌ಜೋ ನಗರದ ಹತ್ತಿರದ ಆ ನೆಲೆ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿಯ ಫಾನ್‌ಶಾನ್ ದಿಬ್ಬದ ಒಂದೇ ಸಮಾಧಿಯಲ್ಲಿ 600ಕ್ಕೂ ಹೆಚ್ಚು ಜೇಡ್ ವಸ್ತುಗಳು. ಅವುಗಳ ಪೈಕಿ ಒಂದು 'ತ್ಸುಂಗ್': ಹೊರಗೆ ಚೌಕ, ಒಳಗೆ ದುಂಡು ರಂಧ್ರ. ಎತ್ತರ ಒಂಬತ್ತು ಸೆಂಟಿಮೀಟರಿಗೂ ಕಡಿಮೆ, ತೂಕ ಮಾತ್ರ 6.5 ಕಿಲೋ. ಅದರ ಮೇಲೆ ದೇವರೊಬ್ಬ ಮೃಗದ ಮೇಲೆ ಕೂತಿರುವ ಚಿತ್ರ, ಮೂರು ಸೆಂಟಿಮೀಟರ್ ಎತ್ತರ, ನಾಲ್ಕು ಸೆಂಟಿಮೀಟರ್ ಅಗಲ. ನಮ್ಮ ಅಂಚೆಚೀಟಿಯಷ್ಟು ಜಾಗ. ಆ ಜಾಗದೊಳಗೆ ಕಿರೀಟ, ಗರಿ, ಬೆರಳು, ಉಗುರು. ಕೆಲವೆಡೆ ಒಂದೇ ಮಿಲಿಮೀಟರಿನಲ್ಲಿ ನಾಲ್ಕೈದು ಗೆರೆ! ಒಂದರ ಮೇಲೊಂದು ಬಿದ್ದಿಲ್ಲ. ಭೂತಗನ್ನಡಿ ಇರಲಿಲ್ಲ, ಲೋಹದ ಸೂಜಿ ಇರಲಿಲ್ಲ. ಹೇಗೆ ಎಳೆದರು ಎಂದು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ಎಳೆದರು ಎಂಬುದಂತೂ ಕಣ್ಣೆದುರಿಗಿದೆ.

ಈಗ ಒಬ್ಬ ರಾಣಿಯ ಸರದಿ. ಶಾಂಗ್ ವಂಶದ ದೊರೆ ವು ಡಿಂಗ್‌ನ ಪತ್ನಿ ಫೂ ಹಾವ್, ಕ್ರಿ.ಪೂ. 1200ರ ಹೊತ್ತಿನವಳು. 13,000 ಸೈನಿಕರ ದಂಡು ನಡೆಸಿದಳೆಂದು ಆ ಕಾಲದ ಎಲುಬಿನ ಮೇಲಿನ ಬರಹಗಳು ಹೇಳುತ್ತವೆ. 1976ರಲ್ಲಿ ಆನ್ಯಾಂಗ್‌ನಲ್ಲಿ ಆಕೆಯ ಸಮಾಧಿ ಸಿಕ್ಕಿತು, ಕಳ್ಳರ ಕೈ ತಾಗದೆ ಮೂರು ಸಾವಿರ ವರ್ಷ ಉಳಿದದ್ದು. ಗುಂಡಿಯ ಅಳತೆ 5.6 ಮೀಟರ್ ಉದ್ದ, 4 ಮೀಟರ್ ಅಗಲ. ನಮ್ಮ ಕೃಷ್ಣರಾಜಪುರದ ಭಾಷೆಗೆ ತಂದರೆ 240 ಚದರಡಿ, ಒಂದು ಥರ್ಟಿ-ಫಾರ್ಟಿ ಸೈಟಿನ ಐದನೆಯ ಒಂದು ಪಾಲು. ಅಷ್ಟರೊಳಗೆ 1,928 ವಸ್ತುಗಳು! ಚದರಡಿಗೆ ಎಂಟು. ಅದರಲ್ಲಿ ಕಂಚು 468, ಜೇಡ್ 755. ಕವಡೆಗಳು ಬೇರೆ, 6,800ಕ್ಕೂ ಹೆಚ್ಚು; ಅವನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಆ 755ರಲ್ಲಿ ನನ್ನನ್ನು ಬೆರಗಾಗಿಸುವುದು ಒಂದೇ ಒಂದು ತುಣುಕು. ತೆಳುವಾದ, ಬಾಲ ಬಾಗಿದ ಜೇಡ್‌ನ ಪಕ್ಷಿ, ಫೀನಿಕ್ಸ್. ಅದು ರಾಣಿಯ ಕಾಲದ್ದಲ್ಲ. ಆಕೆ ಹುಟ್ಟುವ ಹೊತ್ತಿಗೇ ಅದಕ್ಕೆ ಸುಮಾರು ಸಾವಿರ ವರ್ಷವಾಗಿತ್ತು. ಇವತ್ತಿನ ನಮ್ಮ ಮನೆಯಲ್ಲಿ ರಾಜೇಂದ್ರ ಚೋಳನ ಕಾಲದ ಒಡವೆಯೊಂದು ಇದ್ದ ಹಾಗೆ! ಅಂದರೆ ಹಳೆಯ ಜೇಡ್ ಕೂಡಿಡುವ ಹವ್ಯಾಸಕ್ಕೇ 3,200 ವರ್ಷ ವಯಸ್ಸು. ಆ ಹೊತ್ತಿಗೆ ನಮ್ಮಲ್ಲಿ ಏನು ನಡೆಯುತ್ತಿತ್ತು? ಬಳ್ಳಾರಿ ಹತ್ತಿರದ ಸಂಗನಕಲ್ಲು ಗುಡ್ಡಗಳಲ್ಲಿ ಕಪ್ಪು ಶಿಲೆಯ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದರು, ಒಡೆದು, ತಟ್ಟಿ, ಬಂಡೆಯ ಮೇಲೆ ಉಜ್ಜಿ. ಉಜ್ಜಿ ಉಜ್ಜಿ ಆ ಬಂಡೆಗಳಲ್ಲಿ ಬಿದ್ದ ಕುಳಿಗಳು ಇಂದಿಗೂ ಇವೆ. ಆನ್ಯಾಂಗ್‌ನ ರಾಣಿ, ಬಳ್ಳಾರಿಯ ಕೊಡಲಿಗಾರ ಒಬ್ಬರಿಗೊಬ್ಬರು ಗೊತ್ತಿಲ್ಲದ ಸಮಕಾಲೀನರು.

ಕಲ್ಲಿನ ಗೌರವ ಎಷ್ಟರ ಮಟ್ಟಿಗೆ ಏರಿತು ಎಂದರೆ, ಕ್ರಿ.ಪೂ. 283ರಲ್ಲಿ ಚಿನ್ ರಾಜ್ಯದ ದೊರೆ ಪಕ್ಕದ ಜಾವ್ ರಾಜ್ಯಕ್ಕೆ ಒಂದು ಕೊಡುಗೆ ಮುಂದಿಟ್ಟ: ನಿಮ್ಮಲ್ಲಿರುವ ಒಂದು ಜೇಡ್ ಬಿಲ್ಲೆ ಕೊಡಿ, 15 ಊರು ಕೊಡುತ್ತೇನೆ. ಊರೆಂದರೆ ಹಳ್ಳಿಯಲ್ಲ, ಕೋಟೆ ಇರುವ ಪಟ್ಟಣ. ಕರ್ನಾಟಕಕ್ಕೆ 31 ಜಿಲ್ಲೆ. ಅರ್ಧ ರಾಜ್ಯದ ಜಿಲ್ಲಾ ಕೇಂದ್ರಗಳನ್ನು ನಡುವೆ ತೂತಿರುವ ಒಂದು ದುಂಡು ಕಲ್ಲಿಗೆ ಬರೆದುಕೊಟ್ಟರೆ ಹೇಗಿರುತ್ತದೆ, ಊಹಿಸಿಕೊಳ್ಳಿ! ಬಿಲ್ಲೆ ಒಯ್ದ ಮೇಲೆ ಊರು ಸಿಗುವುದಿಲ್ಲವೆಂದು ತಿಳಿದ ಜಾವ್‌ನ ದೂತ ಲಿನ್ ಶಿಯಾಂಗ್‌ರು, ಬಿಲ್ಲೆಯನ್ನು ಕಂಬಕ್ಕೆ ಬಡಿದು ಒಡೆಯುತ್ತೇನೆಂದು ಹೆದರಿಸಿ ಹೇಗೋ ತವರಿಗೆ ವಾಪಸ್ ಕಳಿಸಿದ.

ಈ ಗೌರವದ ಹಿಂದೆ ಸಂಕೇತಗಳಿದ್ದವು. ತೂತಿನ ದುಂಡು ಬಿಲ್ಲೆ ಆಕಾಶ, ಚೌಕದ ತ್ಸುಂಗ್ ಭೂಮಿ. ಪುರಾತನ ವಿಧಿಗ್ರಂಥದಲ್ಲಿ ಆರು ಜೇಡ್‌ಗಳು ಆರು ದಿಕ್ಕಿಗೆ: ಮೇಲು, ಕೆಳಗು, ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ. ಕನ್‌ಫ್ಯೂಷಿಯಸ್‌ನ ಬಾಯಲ್ಲಿ ಹೇಳಿಸಿದ ಪಟ್ಟಿಯೊಂದರಲ್ಲಿ ಜೇಡ್‌ಗೆ 11 ಗುಣ. ಜೇಡ್ ಮೇಲೆ ಐದು ಬಾವಲಿ ಕಂಡರೆ ಐದು ಭಾಗ್ಯ: ಆಯುಸ್ಸು, ಐಶ್ವರ್ಯ, ಆರೋಗ್ಯ, ಸದ್ಗುಣ, ನೆಮ್ಮದಿಯ ಸಾವು. ನಮ್ಮಲ್ಲಿ ಬಾವಲಿ ಮನೆಯೊಳಗೆ ಬಂದರೆ ಅಪಶಕುನವೆಂದು ಓಡಿಸುತ್ತೇವೆ, ಅವರು ಅದನ್ನು ತಿಂಗಳಾನುಗಟ್ಟಲೆ ಕೂತು ಕಲ್ಲಿನಲ್ಲಿ ಮೂಡಿಸಿ ಮಗಳ ಮದುವೆಗೆ ಉಡುಗೊರೆ ಕೊಡುತ್ತಾರೆ. ಪೀಚ್ ಹಣ್ಣು ದೀರ್ಘಾಯುಷ್ಯ, ಮೀನು ಸಮೃದ್ಧಿ. ಹಾನ್ ವಂಶದ ಕಾಲದಲ್ಲಿ ಸತ್ತವರ ನಾಲಿಗೆಯ ಮೇಲಿಡುತ್ತಿದ್ದ ಜೀರುಂಡೆ ಮರುಹುಟ್ಟು, ಏಕೆಂದರೆ ಅದು ಮಣ್ಣಿನಿಂದ ಎದ್ದು ಬರುವ ಜೀವ. ಸಂಗ್ರಾಹಕರು ಈ ಜೀರುಂಡೆಗಳನ್ನು 'ಎಂಟು ಏಟಿನ' ಕೆಲಸವೆಂದು ಕರೆಯುತ್ತಾರೆ. ಎಂಟೇ ಎಂಟು ನೇರ ಗೀರುಗಳಲ್ಲಿ ಕಣ್ಣು, ರೆಕ್ಕೆ, ಹೊಟ್ಟೆ ಮೂಡಿಬಿಟ್ಟಂತೆ! ಜೇಡ್‌ನ ಕಥೆಯಲ್ಲಿ ಕೆಲಸದ ಲೆಕ್ಕ ಇಷ್ಟು ಚಿಕ್ಕದಾಗಿ ಸಿಗುವುದು ಅಪರೂಪ.

ಸಾವಿನ ವಿಷಯ ಬಂತಲ್ಲ, ಹಾನ್ ರಾಜಕುಮಾರ ಲಿಯು ಶೆಂಗ್‌ನನ್ನು ನೋಡಿ. ತೀರಿಕೊಂಡದ್ದು ಕ್ರಿ.ಪೂ. 113ರಲ್ಲಿ. ಮಕ್ಕಳು, ಅವರ ಸಂತತಿ ಸೇರಿ 120ಕ್ಕೂ ಹೆಚ್ಚೆಂದು ಸೀಮಾ ಚಿಯಾನ್ ಬರೆದ ಇತಿಹಾಸ ಹೇಳುತ್ತದೆ. 1968ರಲ್ಲಿ ಮಾನ್‌ಚೆಂಗ್‌ನ ಗುಡ್ಡದೊಳಗೆ ಈತನ ಸಮಾಧಿ ತೆರೆದಾಗ ಮೈಮೇಲೆ ಅಡಿಯಿಂದ ಮುಡಿಯವರೆಗೆ ಜೇಡ್‌ನ ಉಡುಪು. ತುಂಡುಗಳ ಎಣಿಕೆ 2,498. ಅವನ್ನು ಹೊಲಿದದ್ದು 1,100 ಗ್ರಾಂ ಚಿನ್ನದ ತಂತಿಯಿಂದ. ಹೆಂಡತಿ ದೋ ವಾನ್‌ಳ ಉಡುಪಿಗೆ 2,160 ತುಂಡು, 700 ಗ್ರಾಂ ಚಿನ್ನ. ಹೊಲಿಯಬೇಕಾದರೆ ತೂತು ಬೇಕು. ತುಂಡಿಗೆ ನಾಲ್ಕು ಮೂಲೆಗೆ ನಾಲ್ಕು ತೂತು ಎಂದರೂ ಗಂಡನ ಉಡುಪೊಂದರಲ್ಲೇ 9,992! ಉಕ್ಕು ಗೀರದ ಕಲ್ಲಿನಲ್ಲಿ ಹತ್ತು ಸಾವಿರಕ್ಕೆ ಎಂಟೇ ಕಡಿಮೆ ತೂತು, ಒಂದೊಂದನ್ನೂ ಮರಳು ಹಾಕಿ ತಿರುಗಿಸಿ ತಿರುಗಿಸಿ ಕೊರೆದದ್ದು. ಒಬ್ಬ ನುರಿತ ಕುಶಲಕರ್ಮಿಗೆ ಇಂಥದೊಂದು ಉಡುಪಿಗೆ ಹತ್ತು ವರ್ಷ ಬೇಕೆಂದು ಅಂದಾಜು. ಜೇಡ್ ಹೊದಿಸಿದರೆ ದೇಹ ಕೆಡುವುದಿಲ್ಲವೆಂಬ ನಂಬಿಕೆ ಇತ್ತು. ದೇಹ ಮಣ್ಣಾಗಿತ್ತು, 2,498 ತುಂಡುಗಳು ಉಳಿದಿದ್ದವು.

ಇಲ್ಲಿಯವರೆಗೆ ಕೈಯಲ್ಲಿ ಎತ್ತಬಹುದಾದ ಜೇಡ್. ಇನ್ನು ಎತ್ತಲಾಗದ್ದು. 1265ರಲ್ಲಿ ಕುಬ್ಲಾಯ್ ಖಾನ್‌ಗಾಗಿ ಒಂದೇ ಕಲ್ಲಿನಲ್ಲಿ ಒಂದು ಮದ್ಯದ ಬಾನಿ ಸಿದ್ಧವಾಯಿತು. ಸುತ್ತಳತೆ ಸುಮಾರು ಐದು ಮೀಟರ್, ತೂಕ 3,500 ಕಿಲೋ. ಮೈಸೂರು ದಸರೆಯ ಚಿನ್ನದ ಅಂಬಾರಿ 750 ಕಿಲೋ. ಅಂಥ ನಾಲ್ಕೂವರೆಗೂ ಹೆಚ್ಚು ಅಂಬಾರಿಗಳು ಒಂದು ಬಾನಿಗೆ ಸಮ! ಸುತ್ತ ಅಲೆಗಳು, ಅಲೆಗಳಲ್ಲಿ ಡ್ರ್ಯಾಗನ್, ರೆಕ್ಕೆಯ ಮೀನು, ಕುದುರೆ. ಇಂಥದ್ದು ಮುಂದೆ ಒಂದು ಟಾವೊ ಗುಡಿಯ ಪಾಲಾಗಿ, ಅದರಲ್ಲಿ ಉಪ್ಪಿನ ತರಕಾರಿ ಹಾಕಿಡುತ್ತಿದ್ದರಂತೆ. 18ನೇ ಶತಮಾನದಲ್ಲಿ ಚಿಯೆನ್‌ಲೊಂಗ್ ಚಕ್ರವರ್ತಿ ಅದನ್ನು ಗುರುತಿಸಿ ಅರಮನೆಯ ಹತ್ತಿರಕ್ಕೆ ತಂದ. ಬೀಜಿಂಗ್‌ನ ಬೇಹಾಯ್ ಉದ್ಯಾನದ ಬಳಿ ಇವತ್ತಿಗೂ ಇದೆ.

ಈ ಚಿಯೆನ್‌ಲೊಂಗ್ ಸ್ವತಃ ಒಂದು ಅಂಕಿಅಂಶ. ಬದುಕಿದ್ದು 1711ರಿಂದ 1799ರವರೆಗೆ. ಬರೆದ ಕವಿತೆಗಳು 40,000ಕ್ಕೂ ಹೆಚ್ಚು! ಹುಟ್ಟಿದ ದಿನದಿಂದಲೇ ದಿನಕ್ಕೊಂದು ಬರೆದಿದ್ದರೂ 32 ಸಾವಿರ ಮುಟ್ಟುತ್ತಿತ್ತಷ್ಟೆ. ಅವುಗಳಲ್ಲಿ ಸುಮಾರು 800 ಜೇಡ್ ಬಗ್ಗೆಯೇ. ನಮ್ಮ ಕಡೆಯವರಿಗೆ ಹೆಮ್ಮೆಯ ಸಂಗತಿ, ಅವನು ಮನಸೋತು ಹೊಗಳಿದ್ದು ಹಿಂದೂಸ್ತಾನದ ಜೇಡ್ ಕೆಲಸವನ್ನು, ಕಾಗದದಷ್ಟು ತೆಳುವಾದ ಮೊಘಲ್ ಬಟ್ಟಲುಗಳನ್ನು. ಆ ಕೈಚಳಕ ನೋಡಲು ಚೀನಾಕ್ಕೆ ಹೋಗಬೇಕಿಲ್ಲ. ಒಂದು ರಾತ್ರಿಯ ಪ್ರಯಾಣದ ಹೈದರಾಬಾದಿನಲ್ಲಿ, ಸಾಲಾರ್‌ಜಂಗ್ ಮ್ಯೂಸಿಯಮ್ಮಿನ ಜೇಡ್ ಕೋಣೆಯಲ್ಲಿ ಜಹಾಂಗೀರನ ಕಠಾರಿಯೂ ಷಾಜಹಾನನ ಬಿಲ್ಲುಗಾರಿಕೆಯ ಉಂಗುರವೂ ಇವೆ. ಚಿಯೆನ್‌ಲೊಂಗ್‌ನ ಮುದ್ರೆಗಳೇ 1,800ರಷ್ಟು. ಒಂದು ಮುದ್ರೆ 2016ರಲ್ಲಿ ಪ್ಯಾರಿಸ್‌ನಲ್ಲಿ 2 ಕೋಟಿ 10 ಲಕ್ಷ ಯೂರೋಗೆ ಹರಾಜಾಯಿತು, ಆಗಿನ 150 ಕೋಟಿ ರೂಪಾಯಿ. ಮತ್ತೆ ಅದು ಜೇಡ್ ಕೂಡ ಅಲ್ಲ! ಬಳಪದ ಕಲ್ಲು, ಹೊಯ್ಸಳರ ಗುಡಿಗಳ ಕಲ್ಲಿನ ಹತ್ತಿರದ ನಂಟ.

ಆದರೆ ಚಿಯೆನ್‌ಲೊಂಗ್‌ನ ಹೆಸರು ನಿಲ್ಲುವುದು ಒಂದು ಬೆಟ್ಟದಿಂದ. ಜೇಡ್‌ನ ಬೆಟ್ಟ. ಕಲ್ಲು ಸಿಕ್ಕಿದ್ದು ಚೀನಾದ ಪಶ್ಚಿಮ ತುದಿಯ ಖೋತಾನ್‌ನ ಹಿಮದ ಮಲೆಗಳಲ್ಲಿ. ತೂಕ ಐದು ಟನ್ನಿಗೂ ಮೇಲೆ. ದಸರಾ ಆನೆ ಅಭಿಮನ್ಯು ಕೂಡ ಐದು ಟನ್ ದಾಟಿದವನೇ, ಆದರೆ ಅವನು ನಡೆಯುತ್ತಾನೆ, ಕಲ್ಲು ನಡೆಯುವುದಿಲ್ಲ. ನೂರಕ್ಕೂ ಹೆಚ್ಚು ಕುದುರೆ, ಸಾವಿರದಷ್ಟು ಆಳು ಸೇರಿ ದೊಡ್ಡ ಬಂಡಿಯ ಮೇಲೆ ಎಳೆದರು, ಚಳಿಗಾಲದಲ್ಲಿ ದಾರಿಗೆ ನೀರು ಚೆಲ್ಲಿ ಹೆಪ್ಪುಗಟ್ಟಿಸಿ ಜಾರಿಸಿದರು. ಬೀಜಿಂಗ್‌ಗೆ ದಾರಿ ಸುಮಾರು 4,000 ಕಿಲೋಮೀಟರ್, ಶ್ರೀನಗರದಿಂದ ಕನ್ಯಾಕುಮಾರಿಯ ಹೆದ್ದಾರಿಗಿಂತ ಉದ್ದ. ಹಿಡಿದ ಕಾಲ ಮೂರು ವರ್ಷಕ್ಕೂ ಹೆಚ್ಚು. ದಿನಕ್ಕೆ ಮೂರೂವರೆ ಕಿಲೋಮೀಟರಿನ ಲೆಕ್ಕ ಬಿತ್ತು. ಕೆ.ಆರ್. ಪುರದಿಂದ ಎಂ.ಜಿ. ರೋಡಿಗೆ ಮೆಟ್ರೊ ದಾರಿ ಒಂಬತ್ತು ಕಿಲೋಮೀಟರಿನಷ್ಟು. ಆ ಕಲ್ಲು ನೇರಳೆ ಮಾರ್ಗ ಹಿಡಿದು ಹೊರಟಿದ್ದರೆ ಮೊದಲ ಸಂಜೆಗೆ ಬೈಯಪ್ಪನಹಳ್ಳಿ ದಾಟಿ ಸ್ವಾಮಿ ವಿವೇಕಾನಂದ ರಸ್ತೆಯ ಹತ್ತಿರ ತಂಗಿ, ಎಂ.ಜಿ. ರೋಡ್ ಮುಟ್ಟುವಾಗ ಮೂರನೆಯ ದಿನದ ಮಧ್ಯಾಹ್ನ!

ಬೀಜಿಂಗ್‌ನಲ್ಲಿ ನಕ್ಷೆ, ಮಾದರಿ ಎಲ್ಲ ಆಯಿತು. ಕೆಲಸಕ್ಕೆ ಕಾಲುವೆಯ ಮೇಲೆ ದಕ್ಷಿಣಕ್ಕೆ, ಯಾಂಗ್‌ಜೋ ನಗರಕ್ಕೆ ಕಳಿಸಿದರು. 1781ರಲ್ಲಿ ಉಜ್ಜಲು ಕೂತರು. ಇಲ್ಲಿ ಹೈದರ್ ಅಲಿ ತೀರಿಕೊಂಡ, ಟಿಪ್ಪು ಪಟ್ಟಕ್ಕೆ ಬಂದ, 1784ರಲ್ಲಿ ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು, ಅಲ್ಲಿ ಉಜ್ಜುತ್ತಲೇ ಇದ್ದರು. 1787ಕ್ಕೆ ಮುಗಿಯಿತು. ಎತ್ತರ 224 ಸೆಂಟಿಮೀಟರ್. ಮಹಾಪೂರವನ್ನು ಪಳಗಿಸಿದ ಯೂ ಮಹಾರಾಜನ ಕಥೆ: ಕಣಿವೆ, ಜಲಪಾತ, ದೇವದಾರು, ಬಂಡೆ ಒಡೆಯುವ ಜನ. ಕೆಲಸಕ್ಕೆ ಹಿಡಿದದ್ದು ಒಂದೂವರೆ ಲಕ್ಷ ಆಳುದಿನ! ಒಬ್ಬನೇ ಆಳು, ಹಬ್ಬವಿಲ್ಲದೆ, ರಜೆಯಿಲ್ಲದೆ ಮಾಡಿದ್ದರೆ 411 ವರ್ಷ. ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆಗೆ ಗುದ್ದಲಿ ಹಾಕಿದ ದಿನ ಅವನು ಕೂತಿದ್ದರೆ, ಮೈ ಕೊಡವಿಕೊಂಡು ಏಳುವ ಹೊತ್ತಿಗೆ 1948. ನಮ್ಮ ಪಕ್ಕದ ದೂರವಾಣಿನಗರದ ಐಟಿಐ ಕಾರ್ಖಾನೆ ಹುಟ್ಟಿದ ವರ್ಷ!

ಇದಾದ ಮೇಲೆ ಬರಿಯ ತೂಕದ ದಾಖಲೆಗಳು ಸ್ವಲ್ಪ ಸಪ್ಪೆಯೆನಿಸುತ್ತವೆ. ಆದರೂ ಗಾತ್ರ ಗಾತ್ರವೇ. 2016ರಲ್ಲಿ ಬರ್ಮಾದ ಕಚಿನ್ ಪ್ರಾಂತ್ಯದ ಗಣಿಯೊಂದರಲ್ಲಿ ಎದ್ದ ಜೇಡ್ ಬಂಡೆ 175 ಟನ್ ಎಂದು ವರದಿಯಾಯಿತು. ಕೃಷ್ಣರಾಜಪುರದ ಡೀಸೆಲ್ ಲೋಕೋ ಶೆಡ್ಡಿನ ಡಬ್ಲ್ಯುಡಿಜಿ-4 ಎಂಜಿನ್ನಿಗೆ 126 ಟನ್. ಆ ಎಂಜಿನ್ನಿನ ಜತೆ ಹಳೇ ಮದ್ರಾಸ್ ರಸ್ತೆಯಲ್ಲಿ ಸರಕು ತುಂಬಿ ಹೋಗುವ ದೊಡ್ಡ ಟ್ರೇಲರ್ ಒಂದನ್ನೂ ತಕ್ಕಡಿಗೆ ಹಾಕಬೇಕು, ಬಂಡೆಗೆ ಸಮವಾಗಲು! ಬೆಲೆ 17 ಕೋಟಿ ಡಾಲರ್ ಎಂದರು. ಆ 27 ಮಣಿಗಳ ಸರಕ್ಕೆ ಬಂದ ಹಣಕ್ಕೆ ಹೋಲಿಸಿದರೆ ಆರೇ ಆರು ಸರ. ಬಂಡೆ ಕಲ್ಲಾಗಿಯೇ ಇದ್ದಾಗ ಅದರ ಬೆಲೆ ಅಷ್ಟು ಕೆಳಗೆ.

ಅದಕ್ಕಿಂತ ದೊಡ್ಡದು ಲಿಯಾವ್‌ನಿಂಗ್ ಪ್ರಾಂತ್ಯದ್ದು. 1960ರಲ್ಲಿ ಶ್ಯೂಯಾನ್‌ನಲ್ಲಿ ಕಂಡ ಒಂದೇ ಕಲ್ಲು, ಈಗ ಆನ್‌ಶಾನ್ ನಗರದಲ್ಲಿ ಬುದ್ಧನಾಗಿ ಕೂತಿದೆ. ಎತ್ತರ 7.95 ಮೀಟರ್, ತೂಕ 260.76 ಟನ್. ಶೆಡ್ಡಿನ ಎರಡು ಎಂಜಿನ್ ಜೋಡಿಸಿದರೂ 252, ಇನ್ನೂ ಎಂಟೂಮುಕ್ಕಾಲು ಟನ್ ಬಾಕಿ! ಎತ್ತರದಲ್ಲಿ ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನಿಗೆ ಅರ್ಧವೂ ಬಾರದು. ಶ್ಯೂಯಾನ್‌ನ ಕಲ್ಲು ಸರ್ಪೆಂಟೈನ್ ಜಾತಿಯದು, ಖೋತಾನ್‌ನ ಜೇಡ್‌ನಷ್ಟು ಗಡಸಲ್ಲ. ಹಾಗಾಗಿ ಕಟ್ಟುನಿಟ್ಟಿನ ಸಂಗ್ರಾಹಕರು ಅದನ್ನು ಬೇರೆ ಸಾಲಿನಲ್ಲಿ ನಿಲ್ಲಿಸುತ್ತಾರೆ, ಅದು ಸರಿ ಎಂದೇ ನನ್ನ ಅಭಿಪ್ರಾಯ.

ಇಷ್ಟು ಹೇಳಿ ಅತಿ ಪ್ರಸಿದ್ಧ ಜೇಡ್ ಯಾವುದೆಂದು ಕೇಳಿದರೆ ಉತ್ತರ ಒಂದು ತರಕಾರಿ. ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದ ಎಲೆಕೋಸು. ಎತ್ತರ 18.7 ಸೆಂಟಿಮೀಟರ್, ಗೇಣಿಗಿಂತ ಕಡಿಮೆ! ಅರ್ಧ ಬಿಳಿ, ಅರ್ಧ ಹಸಿರು, ಅಲ್ಲಲ್ಲಿ ಬಿರುಕು ಇದ್ದ ಕಲ್ಲನ್ನೇ ಹಿಡಿದು, ಬಿಳಿಯನ್ನು ದಂಟು ಮಾಡಿ, ಹಸಿರನ್ನು ಎಲೆ ಮಾಡಿ, ಬಿರುಕನ್ನು ನರಗಳಲ್ಲಿ ಮುಚ್ಚಿದ ಕೈ ಯಾರದೋ. ದಂಟು ಮದುಮಗಳ ನಿರ್ಮಲತೆ, ಎಲೆಯ ಮೇಲಿನ ಮಿಡತೆಗಳು ಹೆಚ್ಚು ಮಕ್ಕಳು. ಬೀಜಿಂಗ್‌ನಲ್ಲಿ ರಾಣಿಯೊಬ್ಬಳು ವಾಸವಿದ್ದ ಅರಮನೆಯಿಂದ ಬಂದದ್ದು. ಗಾಜಿನ ಪೆಟ್ಟಿಗೆಯ ಮುಂದೆ ವರ್ಷವಿಡೀ ಸರತಿ ಸಾಲು.

ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿ ಜೇಡ್ ವಸ್ತುಗಳು ಸುಮಾರು 30,000. ಒಂದೊಂದರ ಮುಂದೆ ಒಂದೇ ಒಂದು ನಿಮಿಷ ನಿಂತರೂ 500 ಗಂಟೆ. ದಿನಕ್ಕೆ ಎಂಟು ಗಂಟೆ, ಸೋಮವಾರ ಬಾಗಿಲು ಮುಚ್ಚಿರುತ್ತದೆ, ಹಾಗಾಗಿ ವಾರಕ್ಕೆ ಆರು ದಿನ. ಜನವರಿ ಒಂದಕ್ಕೆ ಒಳಹೊಕ್ಕವರು ಕೊನೆಯ ತುಂಡಿನ ಮುಂದೆ ನಿಲ್ಲುವಾಗ ಮಾರ್ಚ್ ನಡುವಾಗಿರುತ್ತದೆ. ತೈಪೆಯ ಎಲೆಕೋಸಾಗಲಿ, ಹೈದರಾಬಾದಿನ ಕಠಾರಿಯಾಗಲಿ ಈ ಲೆಕ್ಕದಲ್ಲಿ ಇನ್ನೂ ಸೇರಿಯೇ ಇಲ್ಲ!